ಯೋಗರಾಜನ ಮಂಗಳವಾರ

ನನ್ನ ಕನ್ನಡಕ ನಾನಿಲ್ಲದೆ ತಾನೊಂದೇ ಸಾಗರದಿಂದ ಮನೆಗೆ ಬಂದ ದಿನ ಯೋಗರಾಜನ ಹೆಸರು ಮೊದಲ ಸಲ ನನ್ನ ಕಿವಿಗೆ ಬಿತ್ತು.

ಸಾಗರಕ್ಕೆ ತಂಗಿಯ ಮನೆಗೆ ಹೋಗಿದ್ದವಳು ಕನ್ನಡಕವನ್ನು ಅವಳ ದೇವರ ಗೂಡಿನಲ್ಲಿ ಬಿಟ್ಟು ಬಂದಿದ್ದೆ. ಮಾರನೇ ದಿನ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಯಾವುದು, ಕಾಳು ಯಾವುದು ತಿಳಿಯದೆ ಬೆರಳಲ್ಲೇ ತಡಕುತ್ತಿದ್ದೆ. ಆಗ ಪಕ್ಕದ ಮನೆಯ ಚಂದ್ರಯ್ಯ ಬಂದು ಕನ್ನಡಕವನ್ನು ಮೊರದೊಳಗೇ ಇಟ್ಟ.

"ಎಲ್ಲಿ ಸಿಕ್ತು ಇದು?" ಅಂದೆ.

"ಬಸ್ಸಿಗೆ ಬಂತು ಶರಾವತಕ್ಕ. ಹೊಸ ಕಂಡಕ್ಟರ್ ಬಂದಿದಾನೆ, ಯೋಗರಾಜ್ ಅಂತ. ನಿಮ್ಮ ತಂಗಿ ಅವನ ಕೈಗೆ ಕೊಟ್ರಂತೆ. ಕನ್ನಡಕ ಟಿಕೆಟ್ ತಗೊಂಡಿಲ್ಲ, ಮುಂದಿನ ಸಲ ಒಂದೇ ಬಂದ್ರೆ ಅರ್ಧ ಟಿಕೆಟ್ ಹರೀತೀನಿ ಅಂತ ಅಮ್ಮಂಗೆ ಹೇಳಿ ಅಂದ."

ನನ್ನ ಮುಖ ನೋಡದವನು ನನ್ನನ್ನು ನಗಿಸಿದ್ದ. ಯಾರಪ್ಪ ಇವನು, ನೋಡಬೇಕಲ್ಲ ಅನ್ನಿಸಿತು.

ನಮ್ಮ ಮನೆ ಇರುವುದು ಕವಲೇದುರ್ಗಕ್ಕೆ ತಿರುಗುವ ಕೈಮರದ ಹತ್ತಿರ. ಬಸ್ಸು ಬೆಳಿಗ್ಗೆ ತೀರ್ಥಹಳ್ಳಿಯಿಂದ ಹೊರಟು ನಮ್ಮ ಕೈಮರ ದಾಟಿ ಹೊಸನಗರದ ಮೇಲೆ ಸಾಗರ ಮುಟ್ಟುತ್ತದೆ. ಸಂಜೆ ಅದೇ ದಾರಿಯಲ್ಲಿ ವಾಪಸು. ಬಸ್ಸಿನ ಹಣೆಯ ಮೇಲೆ ಯಾವುದೋ ದೇವರ ಹೆಸರಿದೆ. ಆದರೆ ಕೆಲವೇ ದಿನಗಳಲ್ಲಿ ಅದು ಎಲ್ಲರ ಬಾಯಲ್ಲೂ ಯೋಗರಾಜನ ಬಸ್ಸು ಆಗಿಹೋಯಿತು. ಓಡಿಸುವವನು ಮಂಜುನಾಥಪ್ಪ. ಅವನು ಮಾತಾಡಿದ್ದನ್ನು ಕೇಳಿದವರು ಅಪರೂಪ. ಇಬ್ಬರ ಪಾಲಿನ ಮಾತನ್ನೂ ಯೋಗರಾಜನೇ ಆಡುತ್ತಿದ್ದ.

ನನಗೆ ಬಸ್ಸಿನಲ್ಲಿ ಕಿಟಕಿ ಬೇಕೇ ಬೇಕು. ಇಲ್ಲದಿದ್ದರೆ ಎರಡು ತಿರುವಿಗೆ ಹೊಟ್ಟೆ ತೊಳಸುತ್ತದೆ. ನಾನು ಹತ್ತಿದ ಕೂಡಲೇ ಯೋಗರಾಜ ಕಿಟಕಿ ಪಕ್ಕ ಕೂತವರಿಗೆ ಹೇಳುತ್ತಿದ್ದ, "ಅಮ್ಮಂಗೆ ಆ ಜಾಗ ಬಿಡಿ. ಆಮೇಲೆ ನಿಮ್ಮ ಪಂಚೆ ಗತಿ ಏನಾದ್ರೂ ನಾನು ಜವಾಬ್ದಾರಿ ಅಲ್ಲ." ಬಾಗಿಲಲ್ಲೇ ನೇತಾಡುವ ಗಂಡಸರಿಗೆ, "ಹಿಂದೆ ಎರಡು ಎಕರೆ ಖಾಲಿ ಬಿದ್ದಿದೆ, ಹೋಗಿ ಒತ್ತುವರಿ ಮಾಡ್ಕೊಳ್ಳಿ" ಅನ್ನುತ್ತಿದ್ದ. ಒತ್ತುವರಿ ಸಕ್ರಮದ ಅರ್ಜಿ ಹಾಕಿಕೊಂಡು ತಾಲ್ಲೂಕು ಕಚೇರಿಗೆ ಅಲೆಯುವವರೇ ಹೆಚ್ಚಿರುವ ಬಸ್ಸಿನಲ್ಲಿ ಆ ಮಾತಿಗೆ ನಗದವರು ಯಾರು?

ನಮ್ಮ ಕಡೆ ಬಸ್ಸಿನಲ್ಲಿ ಜನಕ್ಕಿಂತ ಸಾಮಾನು ಹೆಚ್ಚು ಓಡಾಡುತ್ತದೆ. ಟೈಲರ್ ಹೊಲಿದ ರವಿಕೆ, ರಿಪೇರಿಯಾದ ಮಿಕ್ಸಿ, ಉಪ್ಪಿನಕಾಯಿಯ ಮಿಡಿ, ಕುಕ್ಕರಿನ ರಬ್ಬರು, ಯಾರದೋ ಹಲ್ಲಿನ ಸೆಟ್ಟು, ಎಲ್ಲವೂ ಕಂಡಕ್ಟರನ ಕೈಲೇ. ಕೊಡುವವರು, "ಇದೊಂದು ಅಲ್ಲಿ ಕೊಟ್ಟುಬಿಡು" ಅಂತಾರೆ. ತಗೊಳ್ಳುವವರು ರಸ್ತೆ ಬದಿಗೆ ಬಂದು ಕೈ ಒಡ್ಡುತ್ತಾರೆ. ನಾನೂ ಮಾವಿನಹಣ್ಣು ಕಳಿಸಿದವಳೇ. ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆ ಆದಮೇಲೂ ನಮ್ಮ ಕಡೆಯ ಹೆಂಗಸರು ಯೋಗರಾಜನ ಬಸ್ಸಿಗೇ ಕಾಯುತ್ತಿದ್ದರು. ಯಾಕೆಂದರೆ ಅವನ ಬಾಯಲ್ಲಿ 'ಆಗಲ್ಲ' ಅನ್ನುವ ಮಾತೇ ಬರುತ್ತಿರಲಿಲ್ಲ.

ಆಮೇಲೆ ಎಲ್ಲರ ಹತ್ತಿರವೂ ಅವನ ಫೋನ್ ನಂಬರ್ ಹೋಯಿತು. ಕೆಡುವುದಕ್ಕೆ ಶುರುವಾದದ್ದು ಅಲ್ಲಿಂದ. ಮೊದಲಾದರೆ ಕೈಗೆ ಕೊಟ್ಟದ್ದನ್ನು ತಲುಪಿಸಿದರೆ ಮುಗಿಯಿತು. ಈಗ ಮನೆಯಲ್ಲಿ ಕೂತವರು ಅವನನ್ನು ಅಂಗಡಿಗೆ ಕಳಿಸತೊಡಗಿದರು. ಮಾತ್ರೆಯ ಚೀಟಿಯನ್ನು ಫೋಟೋ ಹೊಡೆದು ಕಳಿಸುವುದು, ಬೆಳಗಾಗುವ ಮೊದಲೇ ಫೋನ್ ಮಾಡಿ ಮೀನು ಹೇಳುವುದು. ಸಾಗರದಲ್ಲಿ ಬಸ್ಸು ನಿಲ್ಲುವ ಅಷ್ಟು ಹೊತ್ತಿನಲ್ಲಿ ಅವನು ಊಟ ಬಿಟ್ಟು ಪೇಟೆ ಸುತ್ತುತ್ತಿದ್ದ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ನಾನು ತೀರ್ಥಹಳ್ಳಿಗೆ ಹೋಗಲು ಬಸ್ಸು ಹತ್ತಿದೆ. ಯೋಗರಾಜ ಕಿಟಕಿಯವರನ್ನು ಏಳಿಸಿದ, ನನ್ನನ್ನು ಕೂರಿಸಿದ, ಆದರೆ ಪಂಚೆಯ ಮಾತು ಬರಲಿಲ್ಲ. ಬಾಗಿಲಲ್ಲಿ ಗಂಡಸರು ನೇತಾಡುತ್ತಿದ್ದರು. ಅವರಿಗೆ ಎರಡು ಎಕರೆಯೂ ಸಿಗಲಿಲ್ಲ. ಮೊದಲೆಲ್ಲ ಸೀಟಿ ಊದುವುದರಲ್ಲೇ ಅವನದೊಂದು ತಮಾಷೆ ಇತ್ತು, ಸಣ್ಣದಾಗಿ ಎಳೆದು ಕೊನೆಗೆ ಒಂದು ಕೊಂಕು. ಈಗ ಸೀಟಿ ಕುತ್ತಿಗೆಯಲ್ಲಿ ಸುಮ್ಮನೆ ಜೋತಿತ್ತು. ಬಾಗಿಲಿಗೆ ಅಂಗೈಯಲ್ಲಿ ಬಡಿದೇ ಬಸ್ಸು ಬಿಡಿಸುತ್ತಿದ್ದ. ಜೇಬಿನಲ್ಲಿ ಫೋನ್ ಹೊಡೆದುಕೊಂಡಾಗಲೆಲ್ಲ ಅವನ ಭುಜ ಒಂದು ಸಲ ಮೇಲೆ ಹೋಗಿ ಇಳಿಯುತ್ತಿತ್ತು.

ಜನ, "ಯೋಗರಾಜನಿಗೆ ಈಗ ದೊಡ್ಡಸ್ತಿಕೆ ಬಂದಿದೆ, ಮಾತೇ ಆಡಲ್ಲ" ಅಂತ ಅವನ ಎದುರೇ ಚುಚ್ಚಿದರು. ಅವನು ಚಿಲ್ಲರೆ ಎಣಿಸುತ್ತಾ ಮುಂದಿನ ಸೀಟಿಗೆ ಹೋದ. ನನಗೆ ನನ್ನ ಅತ್ತೆಯ ನೆನಪಾಯಿತು.

ಸಸಿ ನೆಡುವ ಕಾಲಕ್ಕೆ ಅತ್ತೆ ಗದ್ದೆಯಲ್ಲಿ ಸಾಲಿನ ತುದಿಗೆ ನಿಲ್ಲುತ್ತಿದ್ದರು. ಅವರು ಯಾರ ಕೈಯನ್ನೂ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಕೈ ನಿಧಾನವಾದವಳನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಸದಾ ವಟಗುಟ್ಟುವವಳು ಸುಮ್ಮನಾದಳು ಅಂದರೆ ಮಾತ್ರ ತಲೆ ಎತ್ತುತ್ತಿದ್ದರು. "ಏ, ನನ್ನ ಎಲೆ ಅಡಿಕೆ ಸಂಚಿ ಮನೇಲಿ ಬಿಟ್ಟು ಬಂದೆ, ಒಂಚೂರು ತಂದುಕೊಡೆ" ಅಂತ ಅವಳನ್ನು ದಡ ಹತ್ತಿಸುತ್ತಿದ್ದರು. ಸಂಚಿ ಅವರ ಸೊಂಟದಲ್ಲೇ ಇರುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೋದವಳು ಮನೆ ಜಗಲಿಯಲ್ಲಿ ಕೂತು, ನೀರು ಕುಡಿದು, ಬರಿಗೈಲಿ ವಾಪಸು ಬಂದು, "ಸಂಚಿ ಸಿಗ್ಲಿಲ್ಲ ಕಣಮ್ಮ" ಅನ್ನುತ್ತಿದ್ದಳು. ಆಮೇಲೆ ಅವಳ ಬಾಯಿ ಮತ್ತೆ ಶುರು. ಸುಸ್ತಾಗಿದೆ, ಕೂತ್ಕೋ ಅಂದಿದ್ದರೆ ಯಾವಳೂ ಕೂರುತ್ತಿರಲಿಲ್ಲ.

ಯೋಗರಾಜನಿಗೆ ಯಾವ ಸಂಚಿ ಹುಡುಕಲು ಹೇಳಲಿ ಅಂತ ನಾನು ಯೋಚಿಸುತ್ತಿರುವಾಗಲೇ ಬಾಟಲಿಯ ಕಥೆ ನಡೆದುಹೋಯಿತು.

ಹೊಸನಗರದ ಆಚೆ ಒಬ್ಬರು ನಾಟಿ ಪಂಡಿತರಿದ್ದಾರೆ. ಚಂದ್ರಯ್ಯನ ಸೊಸೆಗೆ ಹೆರಿಗೆಯಾಗಿತ್ತು. ಪಂಡಿತರು ಬಾಣಂತಿಗೆ ಕಷಾಯ ಕಳಿಸಿದರು. ಅದೇ ದಿನ ನಮ್ಮಿಂದ ಮುಂದಿನ ಊರಿನ ಒಂದು ಹಸುವಿಗೆ ಹೊಟ್ಟೆಯುಬ್ಬರದ ಎಣ್ಣೆಯನ್ನೂ ಕಳಿಸಿದರು. ಎರಡೂ ಒಂದೇ ಥರದ ನೀರಿನ ಬಾಟಲಿ. ಮೊದಲಾಗಿದ್ದರೆ ಯೋಗರಾಜ ಒಂದರ ಕುತ್ತಿಗೆಗೆ ದಾರವೋ ಹೂವೋ ಸಿಕ್ಕಿಸಿ ಗುರುತು ಇಟ್ಟುಕೊಳ್ಳುತ್ತಿದ್ದ. ಅವತ್ತು ಇಡಲಿಲ್ಲ. ಹಸುವಿನ ಎಣ್ಣೆ ಬಾಣಂತಿಯ ಮನೆಗೆ ಬಂತು, ಬಾಣಂತಿಯ ಕಷಾಯ ಕೊಟ್ಟಿಗೆಗೆ ಹೋಯಿತು.

ಚಂದ್ರಯ್ಯನ ಸೊಸೆ ಮುಚ್ಚಳ ತೆಗೆದವಳೇ ಮೂಗು ಮುಚ್ಚಿಕೊಂಡು, "ಮಾವ, ಇದನ್ನ ಕುಡಿಯೋಕೆ ನಂಗೆ ಕೊಂಬಿಲ್ಲ" ಅಂದಳು. ಹಾಗಾಗಿ ಕುಡಿಯುವುದು ತಪ್ಪಿತು. ಆಚೆ ಊರಿನ ಹಸು ಮಾತ್ರ ಪಾಪ, ಕೊಟ್ಟದ್ದನ್ನು ಪೂರಾ ಕುಡಿದು ಬೆಳಗಾಗುವಷ್ಟರಲ್ಲಿ ಮೆಲುಕು ಹಾಕುತ್ತಾ ನಿಂತಿತಂತೆ.

ಮಾರನೇ ದಿನ ಬಸ್ಸಿಡೀ ನಗು. "ಆ ಹಸುವಿಗೆ ಇನ್ನು ಎಣ್ಣೆ ಹಚ್ಚಿ ಮೀಸಬೇಕು" ಅಂತ ಒಬ್ಬರು, "ತಲೆಗೆ ಸ್ಕಾರ್ಫ್ ಕಟ್ಟಿ, ಗಾಳಿಗೆ ಬಿಡಬೇಡಿ" ಅಂತ ಇನ್ನೊಬ್ಬರು. ಚಂದ್ರಯ್ಯನೂ ನಗುತ್ತಲೇ ಬಾಟಲಿ ವಾಪಸು ಕೊಡಲು ರಸ್ತೆಗೆ ಬಂದ. ನಾನು ಕೈಮರದ ಕಟ್ಟೆಯ ಮೇಲಿದ್ದೆ. ಯೋಗರಾಜ ಇಳಿದು ಬಂದು ಬಾಟಲಿ ತೆಗೆದುಕೊಂಡ. ಮುಚ್ಚಳ ತೆಗೆದು ಮೂಸಿ, ಮತ್ತೆ ಮುಚ್ಚಿದ.

"ಅವರು ಕುಡಿದಿದ್ರೆ ಚಂದ್ರಯ್ಯಣ್ಣ?"

"ಕುಡೀಲಿಲ್ಲ ಅಲ್ಲ ಮಾರಾಯ. ಬಿಡು ಅತ್ಲಾಗೆ."

"ಮಗೂಗೆ ಹಾಲು ಕೊಡೋ ತಾಯಿ. ಕುಡಿದಿದ್ರೆ?" ಅಂದ ಮತ್ತೆ. ಆಮೇಲೆ ನನ್ನ ಕಡೆ ತಿರುಗಿ, "ತಿಂಗಳ ಕೊನೆಗೆ ಟಿಕೆಟ್ ಬ್ಯಾಗು ಮಾಲೀಕರಿಗೆ ಕೊಟ್ಟು ಕೆಲಸ ಬಿಡ್ತೀನಿ ಅಮ್ಮ. ಸಾಕು" ಅಂದ.

ಬಸ್ಸಿನ ಒಳಗೆ ಇನ್ನೂ ನಗುತ್ತಲೇ ಇದ್ದರು.

ಆ ವಾರ ನಾನು ತೀರ್ಥಹಳ್ಳಿಯಲ್ಲಿ ಅವನ ಬಾಡಿಗೆ ಮನೆ ಹುಡುಕಿಕೊಂಡು ಹೋದೆ. ಹೆಂಡತಿ ಜಲಜಾಕ್ಷಿ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಮಿಷನ್ನು ನಿಲ್ಲಿಸಿ ನನಗೆ ಮಜ್ಜಿಗೆ ಕೊಟ್ಟು ಎದುರು ಕೂತಳು.

"ಬೆಳಿಗ್ಗೆ ಎದ್ದು ಶೂ ಕಾಲಿಗೆ ಹಾಕ್ಕೊಂಡು ಕೂತಿರ್ತಾರೆ ಅಮ್ಮ. ದಾರ ಕಟ್ಟಲ್ಲ. ಸುಮ್ನೆ ಅದನ್ನೇ ನೋಡ್ತಾ ಇರ್ತಾರೆ. ನಾನೇ ಕಟ್ಟಿ ಕಳಿಸ್ತೀನಿ. ಊಟ ಮಾಡಿದ್ರೆ ಎಂತ ಉಂಡೆ ಅಂತ ಗೊತ್ತಿರಲ್ಲ."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸ್ದೆ. ಬಿಪಿ ಇಲ್ಲ, ಶುಗರ್ ಇಲ್ಲ. ಡಾಕ್ಟರಮ್ಮ ಎಲ್ಲ ಕೇಳಿ, ಇದು ಕೆಲಸದ ಸುಸ್ತು ಮನಸ್ಸಿಗೆ ಇಳಿದಿರೋದು, ಬರ್ನ್‌ಔಟ್ ಅಂತಾರೆ ಇದಕ್ಕೆ ಅಂದ್ರು. ಮಾತ್ರೆ ಬೇಡ, ವಾರಕ್ಕೊಂದಿನ ರಜೆ ತಗೊಳ್ಳಿ, ಫೋನು ದೂರ ಇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ತಿಂಗಳು ಬಿಟ್ಟು ಬಂದು ತೋರಿಸಿ ಅಂದ್ರು. ಇವ್ರು ಹೊರಗೆ ಬಂದು, ನಾನು ರಜೆ ಹಾಕಿದ್ರೆ ದಾರಿ ಮೇಲಿನ ಜನ ಎಂತ ಮಾಡ್ತಾರೆ ಅಂತ ನನ್ನನ್ನೇ ಕೇಳಿದ್ರು."

"ಬಸ್ಸು ಬಿಟ್ಟು ಮುಂದೆಂತ ಮಾಡ್ತಾನಂತೆ?"

"ಎಂತದೂ ಇಲ್ಲ ಅಂತಾರೆ. ಬೇರೆ ಕೆಲಸಕ್ಕೆ ಹೋಗ್ತೀನಿ ಅಂದಿದ್ರೆ ನಂಗೆ ಹೆದರಿಕೆ ಇರ್ಲಿಲ್ಲ ಅಮ್ಮ. ಬಸ್ಸು ಅಂದ್ರೆ ಅವ್ರಿಗೆ ಜೀವ. ಅದೇ ಬೇಡ ಅಂತಿದಾರೆ."

ಅವಳು ಅಳಲಿಲ್ಲ. ಎದ್ದು ಮತ್ತೆ ಮಿಷನ್ನಿಗೆ ಕೂತಳು. ನಾನು ಲೋಟ ತೊಳೆದಿಟ್ಟು, ಬಸ್ ಸ್ಟ್ಯಾಂಡಿಗೆ ಹೋಗಿ ಸಂಜೆಯ ಬಸ್ಸು ಬರುವುದನ್ನು ಕಾದೆ. ಯೋಗರಾಜ ಇಳಿದು ಮನೆಗೆ ಹೋದಮೇಲೆ, ಬಸ್ಸು ತೊಳೆಯುತ್ತಿದ್ದ ಮಂಜುನಾಥಪ್ಪನ ಹತ್ತಿರ ಎಲ್ಲಾ ಹೇಳಿದೆ. ಅವನು, "ಹೂಂ" ಅಂದ. ನಾನು ಆ ದಿನ ತೀರ್ಥಹಳ್ಳಿಯಲ್ಲೇ ನೆಂಟರ ಮನೆಯಲ್ಲಿ ಉಳಿದೆ.

ಬೆಳಿಗ್ಗೆ ಅದೇ ಬಸ್ಸಿಗೆ ಮನೆಗೆ ಬಂದೆ. ಕೈಮರದಲ್ಲಿ ಇಳಿದವಳು ಬಾಗಿಲ ಕಂಬಿ ಬಿಡದೆ ನಿಂತು, "ಯೋಗರಾಜ, ನಂಗೊಂದು ಉಪಕಾರ ಆಗ್ಬೇಕು" ಅಂದೆ.

ಅವನ ಭುಜ ಇಳಿಯಿತು. "ಹೇಳಿ ಅಮ್ಮ. ಸಾಗರದಿಂದ ಎಂತ ತರ್ಬೇಕು?"

"ಎಂತದೂ ತರೋದು ಬೇಡ. ನಿನ್ನ ಫೋನು ನನ್ನ ಹತ್ರ ಬಿಟ್ಟು ಹೋಗು. ಸಂಜೆ ಬಂದು ತಗೋ. ಮನೇಲಿ ಇಡೀ ದಿನ ನನ್ನ ಹತ್ರ ಮಾತಾಡೋರು ಒಬ್ರಿಲ್ಲ. ನಿಂಗೆ ಬರೋ ಫೋನು ನಾನು ಎತ್ತಿ ಮಾತಾಡ್ತೀನಿ, ಹೊತ್ತು ಹೋಗ್ತದೆ."

"ಅದು ಹೆಂಗಾಗ್ತದೆ ಅಮ್ಮ? ಮಾಲೀಕರು ಮಾಡಿದ್ರೆ?"

"ನಂಗೆ ಮಾಡ್ತಾರೆ" ಅಂದ ಮಂಜುನಾಥಪ್ಪ ಮುಂದಿನಿಂದ. "ಕೊಟ್ಟು ಬಾರೋ. ಹೊತ್ತಾಯ್ತು."

ಯಾರಿಗೂ ಆಗಲ್ಲ ಅನ್ನದವನು ನನಗೆ ಹೇಗೆ ಅಂದಾನು? ಫೋನು ನನ್ನ ಕೈಗೆ ಬಂತು.

ಬಸ್ಸು ತಿರುವು ದಾಟುವ ಮೊದಲೇ ಅದು ಬಡಿದುಕೊಂಡಿತು. ಹಸಿರು ಗುರುತು ಎಳೆಯುವುದನ್ನು ಚಂದ್ರಯ್ಯನ ಸೊಸೆ ಹೇಳಿಕೊಟ್ಟಳು.

"ಯೋಗರಾಜಾ, ಸಾಗರದಲ್ಲಿ ಒಳ್ಳೆ ಎಳೆ ಎಲೆ ನೋಡಿ ಒಂದು ಕಟ್ಟು..."

"ಯೋಗರಾಜ ಇಲ್ಲ. ನಾನು ಕೈಮರದ ಶರಾವತಿ. ಯಾರು, ಶ್ರೀರಂಗ ಭಟ್ರಾ? ನಿಮ್ಮ ಮಗನ ಬೈಕು ದಿನಾ ಹೊಸನಗರಕ್ಕೆ ಹೋಗ್ತದಲ್ಲ, ಅವನ ಕಣ್ಣಿಗೆ ಎಲೆ ಕಾಣಲ್ವಾ?"

ಭಟ್ಟರು, "ಎಂತದೂ ಇಲ್ಲೆ, ಬಿಡಿ" ಅಂತ ಇಟ್ಟುಬಿಟ್ಟರು.

ಇನ್ನೊಬ್ಬಳಿಗೆ ರವಿಕೆಗೆ ಹೊಂದುವ ದಾರ ಬೇಕಿತ್ತು. ಗಿಳಿ ಹಸಿರು ಆಗಬಾರದಂತೆ, ಬಾಳೆ ಸುಳಿಯ ಹಸಿರೇ ಆಗಬೇಕಂತೆ. "ನಂಗೇ ಅದರ ವ್ಯತ್ಯಾಸ ಗೊತ್ತಾಗಲ್ಲ ಮಾರಾಯ್ತಿ, ಬಸ್ಸಿನ ಗಂಡಸಿಗೆ ಹೆಂಗೆ ಗೊತ್ತಾಗಬೇಕು?" ಅಂದೆ. ಮೀನಿನವರು, ಗ್ಯಾಸಿನ ಪೈಪಿನವರು, ನಾಯಿಮರಿ ತರಿಸುವವರು, ಎಲ್ಲರ ಹತ್ತಿರವೂ ಮಾತಾಡಿದೆ. ಕಂಡಕ್ಟರನಿಗೆ ಥಟ್ಟನೆ ಹೇಳಿಬಿಡುತ್ತಿದ್ದ ಕೆಲಸವನ್ನು ಒಬ್ಬಳು ಮುದುಕಿಗೆ ಯಾಕೆ, ಏನು ಅಂತ ಬಿಡಿಸಿ ಹೇಳಬೇಕಾದಾಗ ಹೆಚ್ಚಿನವರಿಗೆ ಅದು ಬೇಡವೇ ಆಗಿಹೋಗುತ್ತಿತ್ತು.

ಬೇಕಾದದ್ದನ್ನು ನಾನು ಬಿಡಲಿಲ್ಲ. ಹೊಸನಗರದ ಈಚೆ ಒಬ್ಬಂಟಿ ಅಜ್ಜಿಯೊಬ್ಬರಿಗೆ ಇನ್ಸುಲಿನ್ ಬರಬೇಕಿತ್ತು. ಅದೊಂದನ್ನು ಮಂಜುನಾಥಪ್ಪನ ಫೋನಿಗೆ ಮಾಡಿ ಹೇಳಿದೆ. ಯೋಗರಾಜ ಬೇರೆ ಯಾವುದೂ ತಲೆಯಲ್ಲಿಲ್ಲದೆ ಅದನ್ನೊಂದೇ ತಂದು ಕೊಟ್ಟ. ಕೈಗೆ ಕೊಡುವ ಸಾಮಾನಿಗೆ ಮಂಜುನಾಥಪ್ಪ ತನ್ನ ಸೀಟಿನ ಹಿಂದೆ ಒಂದು ಪ್ಲಾಸ್ಟಿಕ್ ಕ್ರೇಟು ಇಟ್ಟ. "ಕಳಿಸೋರೇ ಹಾಕ್ಬೇಕು, ಇಳಿಸ್ಕೊಳ್ಳೋರೇ ತೆಗೀಬೇಕು. ಔಷಧಿಗೆ ಹೆಸ್ರು ಅಂಟಿಸದಿದ್ರೆ ಬಸ್ಸಿಗೆ ಹಾಕಂಗಿಲ್ಲ" ಅಂದ. ಅವನ ಬಾಯಿಂದ ಇಷ್ಟುದ್ದ ಮಾತು ಬಂದದ್ದೇ ಆಶ್ಚರ್ಯವಾಗಿ ಯಾರೂ ಎದುರು ಹೇಳಲಿಲ್ಲ.

ಇನ್ನು ರಜೆ. ಮಂಜುನಾಥಪ್ಪ ಸಾಗರದಲ್ಲಿ ಮಾಲೀಕರನ್ನು ಕೇಳಿದ. "ಅವನು ಕೇಳಿದ್ರೆ ತಾನೆ ನಾನು ಕೊಡೋದು? ಕೊಟ್ಟ ರಜೆನೂ ಬೇಡ ಅಂತ ಬರ್ತಾನೆ. ಮಂಗಳವಾರ ಸುನಿಲ್‌ನ ಹಾಕ್ತೀನಿ, ಇವನನ್ನ ಇಳಿಸೋದು ನಿಮ್ಮ ಕೆಲಸ" ಅಂದರಂತೆ. ಸುನಿಲ್ ಅಂದರೆ ಅವರ ಇನ್ನೊಂದು ಬಸ್ಸಿನ ಕಂಡಕ್ಟರ್.

ಇಳಿಸುವುದಕ್ಕೆ ನನ್ನ ಹತ್ತಿರ ಹಲಸಿನ ಹಪ್ಪಳ ಇತ್ತು.

"ಯೋಗರಾಜ, ಮಂಗಳವಾರ ಅಂಗಳ ತುಂಬಾ ಹಪ್ಪಳ ಹರವ್ತೀನಿ. ಕಾಗೆ ಕಾಯೋಕೆ ಜನ ಇಲ್ಲ. ಬಂದು ಕೂತ್ಕೊಳ್ತೀಯಾ?"

"ಮಂಗಳವಾರ ಬಸ್ಸು..."

"ಸುನಿಲ್ ಹೋಗ್ತಾನಂತೆ. ನಂಗೆ ಬೇರೆ ಯಾರಿದಾರೆ ಹೇಳು?"

ಮಂಗಳವಾರ ಅವನು ತನ್ನದೇ ಬಸ್ಸಿನಲ್ಲಿ ಟಿಕೆಟ್ ತಗೊಂಡು ಬಂದ. ಬಸ್ಸೆಲ್ಲ ಖಾಲಿಯಿದ್ದರೂ ಬಾಗಿಲಲ್ಲೇ ನಿಂತು ಬಂದನಂತೆ. ನಾನು ಉದ್ದದ ಕೋಲು ಕೈಗೆ ಕೊಟ್ಟು ಜಗಲಿಯ ತುದಿಯಲ್ಲಿ ಕೂರಿಸಿದೆ. ಗಂಜಿ, ಮಾವಿನಕಾಯಿ ಗೊಜ್ಜು ಬಡಿಸಿದೆ. ತಟ್ಟೆ ಮುಂದೆ ಇಟ್ಟುಕೊಂಡು, "ಗೊಜ್ಜಿಗೆ ಬೆಲ್ಲ ಹಾಕಿದೀರಲ್ಲ ಅಮ್ಮ" ಅಂದ. ಹಾಕಿದ್ದೆ. ಅವನ ನಾಲಿಗೆಗೆ ಅದು ತಿಳಿಯಿತಲ್ಲ ಅಂತ ನನಗೆ ಸಮಾಧಾನ.

ನಾನು ಪಾತ್ರೆ ಬೆಳಗಿ ಬರುವಷ್ಟರಲ್ಲಿ ಯೋಗರಾಜ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ. ಕೋಲು ತೊಡೆಯ ಮೇಲಿತ್ತು. ಅಂಗಳದಲ್ಲಿ ಕಾಗೆಗಳು ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬಂದು ಹಪ್ಪಳ ಹರಿದು ತಿನ್ನುತ್ತಿದ್ದವು. ಚಂದ್ರಯ್ಯ ಬೇಲಿಯಾಚೆಯಿಂದ ಕೈ ತಟ್ಟಲು ಹೋದ. ನಾನು ಬೆರಳು ತುಟಿಗೆ ಇಟ್ಟೆ.

"ಹಪ್ಪಳ ಹೋಗ್ತದೆ ಶರಾವತಕ್ಕ" ಅಂದ ಪಿಸುಮಾತಲ್ಲಿ.

"ಹೋಗ್ಲಿ. ಹಲಸಿನ ಮರ ಅಲ್ಲೇ ಇದೆ."

ಸಂಜೆ ಬಸ್ಸಿನ ಹಾರನ್ ಕೇಳಿ ಅವನು ಗಡಬಡಿಸಿ ಎದ್ದ. ಅಂಗಳ ನೋಡಿದ, ನನ್ನ ಮುಖ ನೋಡಿದ. "ಅಮ್ಮ, ಅರ್ಧ ಹಪ್ಪಳ ಇಲ್ವಲ್ಲ."

"ಅದಕ್ಕೇ ಮುಂದಿನ ಮಂಗಳವಾರ ಮತ್ತೆ ಬಾ."

ಬಂದ. ಅದರ ಮುಂದಿನ ವಾರವೂ ಬಂದ. ಒಂದು ವಾರ ಜಲಜಾಕ್ಷಿಯನ್ನೂ ಕರೆದುಕೊಂಡು ಬಂದ. ಅವಳು ಅಂದು ಎಚ್ಚರವಿದ್ದು ಕಾದದ್ದರಿಂದ ನನಗೆ ಮಳೆಗಾಲಕ್ಕೆ ಒಂದು ಡಬ್ಬ ಹಪ್ಪಳ ಉಳಿಯಿತು. ಶೂ ದಾರ ಈಗ ಅವರೇ ಕಟ್ಟಿಕೊಳ್ಳುತ್ತಾರೆ ಅಂತ ಅವಳು ಹಿಟ್ಟು ನಾದುತ್ತಾ ಹೇಳಿದಳು. ಡಾಕ್ಟರಮ್ಮನಿಗೆ ಮತ್ತೆ ತೋರಿಸಿಕೊಂಡೂ ಬಂದಿದ್ದರು.

ತಿಂಗಳು ಮುಗಿದಾಗ ನಾನೇ ಕೇಳಿದೆ, "ಬ್ಯಾಗು ಮಾಲೀಕರಿಗೆ ಕೊಟ್ಯೇನಾ?"

"ಹಪ್ಪಳ ಇನ್ನೂ ಒಣಗಿಲ್ವಲ್ಲ ಅಮ್ಮ" ಅಂದ. ಅಂದವನು ಬಾಗಿಲಿಗೆ ಹತ್ತಿ, ಚಂದ್ರಯ್ಯನನ್ನು ನೋಡಿ, "ಚಂದ್ರಯ್ಯಣ್ಣ, ಆ ಬಾಣಂತಿ ಹಸು ನಿಮ್ಮನ್ನ ಕೇಳ್ತು. ಮಗು ಯಾರ ಥರ ಇದೆ ಅಂತ" ಅಂದ. ಆಮೇಲೆ ಸೀಟಿ ಬಾಯಿಗೆ ಇಟ್ಟ. ಸಣ್ಣದಾಗಿ ಎಳೆದು ಕೊನೆಗೆ ಆ ಕೊಂಕು. ಮಂಜುನಾಥಪ್ಪ ಬಸ್ಸು ಬಿಡುವುದನ್ನು ಒಂದು ಗಳಿಗೆ ಮರೆತು ಹಿಂದೆ ತಿರುಗಿ ನೋಡಿದ.

ಫೋನು ಈಗಲೂ ಹಗಲೆಲ್ಲ ನನ್ನ ಹತ್ತಿರವೇ ಇರುತ್ತದೆ. ಬಡಿದುಕೊಳ್ಳುವುದು ಕಡಿಮೆಯಾಗಿ ನನಗೇ ಬೇಜಾರು.

ಮೊನ್ನೆ ಒಂದು ಮಂಗಳವಾರ ನಾನು ಸಾಗರದ ಹತ್ತಿರ ವರದಹಳ್ಳಿಯ ಆಶ್ರಮಕ್ಕೆ ಹೋಗಿದ್ದೆ. ಸಂಜೆ ಸಾಗರದಲ್ಲಿ ಬಸ್ಸು ಹತ್ತಿ ಮೊದಲೇ ಕಿಟಕಿ ಹಿಡಿದು ಕೂತೆ. ಹೊರಡುವ ಹೊತ್ತಿಗೆ ಯೋಗರಾಜ, ಜಲಜಾಕ್ಷಿ ಹತ್ತಿದರು. ಹೊಳೆಬಾಗಿಲಿನ ಕಡೆ ಹೋಗಿ ಹಿನ್ನೀರು ನೋಡಿಕೊಂಡು, ಸಿಗಂದೂರಿನ ದೇವಿಗೆ ಕೈಮುಗಿದು ಬಂದಿದ್ದರು. ಇಬ್ಬರ ಹಣೆಯಲ್ಲೂ ಕುಂಕುಮ, ಅವನ ಮೈಮೇಲೆ ಹೂವಿನ ಅಂಗಿ. ಸುನಿಲ್ ಬಾಗಿಲಲ್ಲಿದ್ದ. ಜಲಜಾಕ್ಷಿ ಹಿಂದಿನ ಸೀಟಿನಲ್ಲಿ ಕೂತಳು. ಯೋಗರಾಜ ಅಭ್ಯಾಸದಂತೆ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ, ನಿಂತ, ಹಿಂದೆ ಬಂದ. ಇಷ್ಟು ವರ್ಷದಲ್ಲಿ ಅವನು ನನ್ನ ಹತ್ತಿರ ತನಗಾಗಿ ಏನನ್ನೂ 'ಕೊಡಿ' ಅಂದವನಲ್ಲ. ನನ್ನ ಸೀಟಿನ ಕಂಬಿ ಹಿಡಿದು, ಸ್ವಲ್ಪ ನಾಚಿಕೊಂಡು, ಬಗ್ಗಿ ಕೇಳಿದ:

"ಅಮ್ಮ, ಇವತ್ತೊಂದಿನ ಆ ಕಿಟಕಿ ನಂಗೆ ಬಿಡ್ತೀರಾ? ಈ ದಾರೀನ ನಾನು ಕೂತ್ಕೊಂಡು ನೋಡೇ ಇಲ್ಲ."